ವಂಶವೃಕ್ಷದ ವ್ಯಾಪಾರ: ಕಂಪನಿ ದಿವಾಳಿಯಾದರೆ ಗ್ರಾಹಕನ ಮಾಹಿತಿ ಯಾರದು?

ವಂಶವೃಕ್ಷವೆಂದೊಡನೆ ನಮ್ಮ ವರ್ತಕ ಬಂಧುಗಳಿಗೆ ಮೊದಲು ನೆನಪಾಗುವುದು ನಾಡಕಚೇರಿಯ ದೃಢೀಕರಣ ಪತ್ರ. ತಂದೆಯ ಕಾಲಾನಂತರ ಪೌತಿ ಖಾತೆ ಮಾಡಿಸುವ ಸಂದರ್ಭ ಬಂದಾಗಲೇ ನಾವು ಅದನ್ನು ಹುಡುಕುವುದು. ಹಿಂದೆ ಎತ್ತಿನ ಮೇಲೇರಿ ಊರೂರು ಸುತ್ತುತ್ತಿದ್ದ ಹೆಳವರು ಮನೆಬಾಗಿಲಲ್ಲಿ ನಿಂತು ಮನೆತನದ ತಲೆಮಾರುಗಳನ್ನು ಹೇಳಿ, ದವಸಧಾನ್ಯ ಪಡೆದು ಹೋಗುತ್ತಿದ್ದರು. ಕುಲದ ಕುತೂಹಲದಿಂದ ಜೀವನ ಸಾಗಿಸುವುದು ನಮಗೇನೂ ಹೊಸತಲ್ಲ. ಅದೇ ಕುತೂಹಲವು ಅಮೆರಿಕದಲ್ಲಿ ಎಷ್ಟು ದೊಡ್ಡ ಉದ್ಯಮವಾಯಿತೆಂದರೆ, 2020ರಲ್ಲಿ ಬ್ಲ್ಯಾಕ್‌ಸ್ಟೋನ್ ಸಂಸ್ಥೆಯು ಆನ್ಸೆಸ್ಟ್ರಿ ಎಂಬ ಕಂಪನಿಯ ಖರೀದಿಗೆ ಸುಮಾರು 470 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು.

ಈ ಉದ್ಯಮದ ಸಾಮಗ್ರಿ ಎರಡು ಬಗೆಯದು. ಮೊದಲನೆಯದು ದಾಖಲೆ. ಜನಗಣತಿಯ ಹಾಳೆ, ಹಡಗಿನ ಪ್ರಯಾಣಿಕರ ಪಟ್ಟಿ, ಚರ್ಚಿನ ವಿವಾಹ ನೋಂದಣಿ ಇವೆಲ್ಲವೂ ಗಣಕೀಕೃತಗೊಂಡು ಅಂತರಜಾಲದಲ್ಲಿ ದೊರೆಯುತ್ತವೆ. ಅಮೆರಿಕದಲ್ಲಿ ಜನಗಣತಿಯ ವೈಯಕ್ತಿಕ ವಿವರಗಳನ್ನು 72 ವರ್ಷಗಳ ಬಳಿಕ ಬಹಿರಂಗಪಡಿಸುವ ನಿಯಮವಿರುವುದರಿಂದ 1950ರ ಹಾಳೆಗಳು 2022ರಲ್ಲಿ ಸಾರ್ವಜನಿಕರಿಗೆ ಸಿಕ್ಕವು. ಎರಡನೆಯದು ಡಿ.ಎನ್.ಎ. ಗ್ರಾಹಕನು ಕೊಳವೆಯಲ್ಲಿ ಉಗುಳು ತುಂಬಿ ಅಂಚೆಯಲ್ಲಿ ಕಳುಹಿಸಿದರೆ, ಪ್ರಯೋಗಾಲಯವು ಅದರಲ್ಲಿನ ಲಕ್ಷಾಂತರ ಬಿಂದುಗಳನ್ನು ಓದಿ ಇತರ ಗ್ರಾಹಕರೊಡನೆ ತಾಳೆ ನೋಡುತ್ತದೆ. ತಂದೆ ಮಕ್ಕಳಲ್ಲಿ ಅರ್ಧದಷ್ಟು ಸಮಾನವಿದ್ದರೆ, ಚಿಕ್ಕಪ್ಪನ ಮಕ್ಕಳಲ್ಲಿ ಸರಾಸರಿ ಎಂಟನೆಯ ಒಂದು ಪಾಲು. ಸೋದರತ್ತೆಯ ಮಕ್ಕಳಲ್ಲಿಯೂ ಅಷ್ಟೇ; ನಮ್ಮ ಭಾಷೆ ಎಚ್ಚರದಿಂದ ಬೇರ್ಪಡಿಸಿದ ಸಂಬಂಧಗಳು ಈ ಲೆಕ್ಕದಲ್ಲಿ ಒಂದೇ ಆಗಿಬಿಡುತ್ತವೆ! ಸೋದರಮಾವ ಹಾಗೂ ಅಕ್ಕನ ಮಗಳ ನಡುವೆ ವಿವಾಹವಾಗುವ ನಮ್ಮಂಥ ಕುಟುಂಬಗಳಲ್ಲಿ ಈ ಪಾಲು ಹೆಚ್ಚುವುದರಿಂದ ದೂರದ ನೆಂಟನೂ ಹತ್ತಿರದವನಂತೆ ತೋರುತ್ತಾನೆ. ಪೂರ್ವಜರ ನಾಡನ್ನು ಶೇಕಡಾವಾರು ತಿಳಿಸುವ ವರದಿಯಂತೂ ಅಂದಾಜು ಮಾತ್ರ. ಹೋಲಿಕೆಗೆ ಬಳಸುವ ಮಾದರಿಗಳು ಬದಲಾದಂತೆ ಅಂಕಿಯೂ ಬದಲಾಗುತ್ತದೆ.

ವ್ಯಾಪಾರಿಯ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಮೂಲಭೂತ ತೊಡಕಿದೆ. ಈ ಪರೀಕ್ಷೆಯನ್ನು ಯಾರೂ ಎರಡನೆಯ ಬಾರಿ ಕೊಳ್ಳುವುದಿಲ್ಲ. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ '23 ಆಂಡ್ ಮಿ' ಕಂಪನಿಯು ಮರುವರ್ಷ 999 ಡಾಲರಿಗೆ ಮಾರಿದ ಪರೀಕ್ಷೆಯನ್ನು 2012ರ ಅಂತ್ಯಕ್ಕೆ 99 ಡಾಲರಿಗೆ ಇಳಿಸಿತು. ಕೊಳವೆಯ ಮಾರಾಟಕ್ಕಿಂತ ಅದರಿಂದ ಸಂಗ್ರಹವಾಗುವ ಮಾಹಿತಿಯಿಂದ ಔಷಧ ಸಂಶೋಧನೆ ನಡೆಸಿ ಲಾಭ ಗಳಿಸಬಹುದೆಂಬುದು ಅದರ ಎಣಿಕೆ. 2018ರಲ್ಲಿ ಗ್ಲಾಕ್ಸೋ ಕಂಪನಿಯು ಅದರಲ್ಲಿ 30 ಕೋಟಿ ಡಾಲರ್ ತೊಡಗಿಸಿತು. 2021ರಲ್ಲಿ ಷೇರುಪೇಟೆ ಪ್ರವೇಶಿಸಿದ ಮೇಲೆ ಕಂಪನಿಯ ಮೌಲ್ಯ ಒಂದು ಹಂತದಲ್ಲಿ 600 ಕೋಟಿ ಡಾಲರ್ ಮುಟ್ಟಿತು. ಲಾಭ ಮಾತ್ರ ಬರಲಿಲ್ಲ.

2023ರಲ್ಲಿ ಕಳ್ಳರು ಗ್ರಾಹಕರ ಹಳೆಯ ಪಾಸ್‌ವರ್ಡ್‌ಗಳನ್ನು ಬಳಸಿ ಸುಮಾರು 14,000 ಖಾತೆಗಳನ್ನು ಹೊಕ್ಕರು. ಅಲ್ಲಿಂದ ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ವಿವರ ಅವರ ಕೈಸೇರಿತು. ಕಂಪನಿಯ ಆಕರ್ಷಣೆಯೇ ಅದರ ಕನ್ನಗಂಡಿಯೂ ಆಯಿತು. 2025ರ ಮಾರ್ಚ್ 23ರಂದು ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಸಾಮಾನ್ಯವಾಗಿ ದಿವಾಳಿಯಾದವನ ಯಂತ್ರ, ಗೋದಾಮಿನ ಸರಕು ಹರಾಜಿಗೆ ಬರುತ್ತವೆ. ಇಲ್ಲಿ ಹರಾಜಿಗೆ ಬಂದ ಮುಖ್ಯ ಆಸ್ತಿಯೆಂದರೆ ಸುಮಾರು ಒಂದೂವರೆ ಕೋಟಿ ಗ್ರಾಹಕರ ಅನುವಂಶಿಕ ಮಾಹಿತಿ. ಮಾಹಿತಿಯನ್ನು ಅಳಿಸಿಹಾಕಿಸುವಂತೆ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಎರಡು ದಿನ ಮೊದಲೇ ಗ್ರಾಹಕರಿಗೆ ಕರೆ ನೀಡಿದ್ದರು. ಹಾಗೆ ಅಳಿಸಲು ಕೋರಿದವರು 19 ಲಕ್ಷ. ಮೊದಲಿಗೆ ಔಷಧ ಕಂಪನಿಯಾದ ರೀಜೆನೆರಾನ್ 25.6 ಕೋಟಿ ಡಾಲರ್ ಕೂಗಿತು. ಕೊನೆಗೆ ಸ್ಥಾಪಕಿ ಆ್ಯನ್ ವೊಜಿಸ್ಕಿಯವರ ಲಾಭರಹಿತ ಸಂಸ್ಥೆಯು 30.5 ಕೋಟಿಗೆ ಪಡೆಯಿತು. ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮಾರಬಾರದೆಂದು 27 ರಾಜ್ಯಗಳು ನ್ಯಾಯಾಲಯಕ್ಕೆ ಹೋಗಿದ್ದವು. ಆದರೂ ಜುಲೈನಲ್ಲಿ ಮಾರಾಟ ಮುಗಿಯಿತು.

ಒಪ್ಪಿಗೆ ಎಂಬುದೂ ಇಲ್ಲಿ ಸರಳವಲ್ಲ. 1970-80ರ ದಶಕಗಳ ಸರಣಿ ಕೊಲೆಗಳ ಆರೋಪಿಯನ್ನು ಕ್ಯಾಲಿಫೋರ್ನಿಯಾ ಪೊಲೀಸರು 2018ರಲ್ಲಿ ಹಿಡಿದದ್ದು ಜೆಡ್‌ಮ್ಯಾಚ್ ಎಂಬ ವಂಶಶೋಧನೆಯ ತಾಣದ ಮೂಲಕ. ಅವನು ಅಲ್ಲಿಗೆ ಏನನ್ನೂ ಕೊಟ್ಟಿರಲಿಲ್ಲ; ಕೊಟ್ಟವರು ಅವನ ದೂರದ ನೆಂಟರು. ಅಪರಾಧಿ ಸಿಕ್ಕಿದ್ದು ಸಂತೋಷವೇ. ಆದರೆ ಒಬ್ಬನ ಸಹಿಗೆ ಅವಿಭಕ್ತ ಕುಟುಂಬವೆಲ್ಲ ಬದ್ಧವಾದಂತೆ, ಒಬ್ಬನ ಉಗುಳಿಗೆ ಕಾಣದ ದಾಯಾದಿಗಳೂ ಬದ್ಧರಾಗುತ್ತಾರೆ.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಉದ್ಯಮಗಳ ಮೇಲಿನ ಪ್ರಮುಖ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. 2019ರ ಮಸೂದೆಯಲ್ಲಿ ಅನುವಂಶಿಕ ಮಾಹಿತಿಯನ್ನು ಸೂಕ್ಷ್ಮ ಮಾಹಿತಿಯೆಂದು ಪ್ರತ್ಯೇಕಿಸಲಾಗಿತ್ತು. ಈಗಿನ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಮೊಬೈಲ್ ಸಂಖ್ಯೆಗೂ ಡಿ.ಎನ್.ಎ.ಗೂ ಒಂದೇ ತಕ್ಕಡಿ. ಇದು ಕೊರತೆಯೆಂಬುದು ನಮ್ಮ ಅಭಿಪ್ರಾಯ. ರೋಗನಿದಾನ ಕೇಂದ್ರ, ಪ್ರಯೋಗಾಲಯ ಹಾಗೂ ತಂತ್ರಾಂಶ ಉದ್ಯಮಗಳಲ್ಲಿರುವ ಸದಸ್ಯರು ತಮ್ಮ ಗ್ರಾಹಕರೊಡನೆ ಮಾಡಿಕೊಳ್ಳುವ ಕರಾರಿನಲ್ಲಿ, ಸಂಸ್ಥೆ ಕೈಬದಲಾದರೆ ಅಥವಾ ಮುಚ್ಚಿದರೆ ಮಾಹಿತಿಯ ಗತಿಯೇನೆಂಬ ಕಲಮನ್ನು ಈಗಲೇ ಸೇರಿಸಿಕೊಳ್ಳುವುದು ಸೂಕ್ತ. ಪರೀಕ್ಷೆ ಮಾಡಿಸಿಕೊಳ್ಳಬಯಸುವವರು ಆ ಕಲಮು ಇದೆಯೇ, ಮಾದರಿಯನ್ನು ನಾಶಪಡಿಸಲು ಕೋರುವ ಅವಕಾಶವಿದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಓದಿಕೊಳ್ಳಬೇಕು.