ಹೈಸ್ಕೂಲಿನಲ್ಲೇ ಕಾಲೇಜಿನ ಕ್ರೆಡಿಟ್

ಅಮೆರಿಕದಲ್ಲಿ ಹೈಸ್ಕೂಲು ಹನ್ನೆರಡನೇ ತರಗತಿಯವರೆಗೂ ಇರುತ್ತದೆ. ನಮ್ಮ ಪಿಯುಸಿ ವಯಸ್ಸಿನವರು ಅಲ್ಲಿ ಇನ್ನೂ ಶಾಲೆಯ ಮಕ್ಕಳೇ. ಆದರೂ ಪದವಿ ತರಗತಿಯ ಪಾಠ ಓದಿ, ಅದನ್ನು ಮುಂದಿನ ಪದವಿಯ ಲೆಕ್ಕಕ್ಕೆ ಈಗಲೇ ಜಮೆ ಮಾಡಿಕೊಳ್ಳಲು ಅವರಿಗೆ ದಾರಿಯುಂಟು. ವಾರಕ್ಕೆ ಮೂರು ಗಂಟೆಯಂತೆ ಒಂದು ಸೆಮಿಸ್ಟರ್ ಕಲಿತರೆ ಸಾಮಾನ್ಯವಾಗಿ 3 ಕ್ರೆಡಿಟ್. ನಾಲ್ಕು ವರ್ಷದ ಪದವಿಗೆ ಬೇಕಾದದ್ದು ಸುಮಾರು 120.

ಹಳೆಯ ದಾರಿ ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. 1955ರಿಂದ ಇದನ್ನು ನಡೆಸುತ್ತಿರುವುದು ಕಾಲೇಜ್ ಬೋರ್ಡ್. ಪಾಠ ಶಾಲೆಯಲ್ಲೇ ನಡೆಯುತ್ತದೆ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಒಂದು ಹೊತ್ತಿನ ಪರೀಕ್ಷೆಯೇ ಇಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತದೆ.

ಇನ್ನೊಂದು ದಾರಿ ಡ್ಯುಯಲ್ ಎನ್‌ರೋಲ್‌ಮೆಂಟ್. ನನಗೆ ಹೆಚ್ಚು ನ್ಯಾಯವಾಗಿ ಕಾಣುವುದು ಇದೇ, ಏಕೆಂದರೆ ಇಲ್ಲಿ ಇಡೀ ಸೆಮಿಸ್ಟರಿನ ದುಡಿಮೆಗೆ ಬೆಲೆಯಿದೆ. 1985ರಲ್ಲಿ ಗವರ್ನರ್ ರೂಡಿ ಪರ್ಪಿಚ್ ಅವರ ಒತ್ತಾಸೆಯಿಂದ ಮಿನೆಸೋಟ ರಾಜ್ಯ ಇದಕ್ಕೊಂದು ಕಾನೂನನ್ನೇ ಮಾಡಿತು. 11 ಮತ್ತು 12ನೇ ತರಗತಿಯವರು ಕಾಲೇಜಿಗೇ ಹೋಗಿ ಅಲ್ಲಿಯ ವಿದ್ಯಾರ್ಥಿಗಳ ಜೊತೆ ಕೂತು ಕಲಿಯಬಹುದು. ಶುಲ್ಕ ಸರ್ಕಾರದ್ದು, ಪುಸ್ತಕದ ಖರ್ಚೂ ಮನೆಯವರ ತಲೆಗೆ ಬಾರದು. ವಿದ್ಯಾರ್ಥಿಯ ಜೊತೆಗೆ ಅನುದಾನದ ಒಂದು ಪಾಲೂ ಕೈಬಿಟ್ಟು ಹೋಗುವುದರಿಂದ ಶಾಲೆಗಳ ಕಡೆಯಿಂದ ವಿರೋಧ ಬಂತು. ಕಾನೂನು ಮಾತ್ರ ಉಳಿಯಿತು. 1990ರಲ್ಲಿ ವಾಷಿಂಗ್ಟನ್ ರಾಜ್ಯ ‘ರನ್ನಿಂಗ್ ಸ್ಟಾರ್ಟ್’ ಎಂಬ ಹೆಸರಿನಲ್ಲಿ ಇಂಥದ್ದೇ ಯೋಜನೆ ತಂದಿತು. ಹೈಸ್ಕೂಲು ಮುಗಿಸುವಾಗಲೇ ಎರಡು ವರ್ಷದ ಅಸೋಸಿಯೇಟ್ ಪದವಿಯನ್ನೂ ಪಡೆದು ಹೊರಬರುವವರು ಅಲ್ಲಿದ್ದಾರೆ. ಕಾಲೇಜಿನ ಶುಲ್ಕಕ್ಕೆ ಸಾಲ ಮಾಡಬೇಕಾದ ಮನೆಗಳಿಗೆ ಇದು ಸಣ್ಣ ನೆರವಲ್ಲ.

ಎಚ್ಚರ ಬೇಕಾದ ಜಾಗಗಳೂ ಇವೆ. ಗಳಿಸಿದ ಕ್ರೆಡಿಟ್ಟನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪಬೇಕೆಂದಿಲ್ಲ. ಅದೇ ರಾಜ್ಯದ ಸಾರ್ವಜನಿಕ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುತ್ತವೆ. ಹೆಸರಾಂತ ಖಾಸಗಿ ಸಂಸ್ಥೆಗಳು ಬಿಗಿ. ಎಪಿ ಅಂಕಕ್ಕೆ ಪದವಿಯ ಕ್ರೆಡಿಟ್ ಕೊಡುವುದನ್ನು ಡಾರ್ಟ್‌ಮತ್ ಕಾಲೇಜು 2018ರಲ್ಲಿ ಪದವಿ ಮುಗಿಸುವ ತಂಡದಿಂದಲೇ ನಿಲ್ಲಿಸಿತು. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಹದಿನಾರನೇ ವಯಸ್ಸಿನಲ್ಲಿ ಪಡೆದ ಕಾಲೇಜು ಗ್ರೇಡ್ ದಾಖಲೆಯಲ್ಲಿ ಉಳಿದೇ ಇರುತ್ತದೆ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ ಅದನ್ನೂ ತೋರಿಸಬೇಕು. ಮಗುವಿಗೆ ಹದಿನೆಂಟು ತುಂಬಿರದಿದ್ದರೂ ಕಾಲೇಜಿನ ದಾಖಲೆಯ ಹಕ್ಕು ಫೆಡರಲ್ ಕಾನೂನಿನ ಪ್ರಕಾರ ಮಗುವಿನದೇ. ತಂದೆತಾಯಿ ಕೇಳಿದ ತಕ್ಷಣ ಗ್ರೇಡ್ ತಿಳಿಸುವ ಹೊಣೆ ಕಾಲೇಜಿನದಲ್ಲ.

ಆದ್ದರಿಂದ ಅಮೆರಿಕದಲ್ಲಿರುವ ಕನ್ನಡದ ತಂದೆತಾಯಂದಿರಲ್ಲಿ ಒಂದು ಕೋರಿಕೆ: ನೆರೆಮನೆಯ ಮಗು ಎಷ್ಟು ಕ್ರೆಡಿಟ್ ಗಳಿಸಿತೆಂದು ನೋಡಿ ನಿಮ್ಮ ಮಗುವನ್ನು ಸೇರಿಸಬೇಡಿ. ಅದಕ್ಕೆ ಆ ವಿಷಯ ಇಷ್ಟವೇ ಎಂದು ಮೊದಲು ಕೇಳಿ. ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯ ಆ ಕ್ರೆಡಿಟ್ಟನ್ನು ಒಪ್ಪುತ್ತದೆಯೇ ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ಪಡೆದು, ಆಮೇಲೆ ಹೆಸರು ನೋಂದಾಯಿಸಿ.