ಧರ್ಮ ಉಳಿದು ನುಡಿ ಅಳಿದ ಬಗೆ: ಈಜಿಪ್ಟಿನ ಕಾಪ್ಟಿಕ್ ಭಾಷೆಯ ಚರಿತ್ರೆಯನ್ನು ಕುರಿತು

ಕನ್ನಡದ ಪ್ರಾಚೀನತೆಯ ಚರ್ಚೆ ಬಂದಾಗಲೆಲ್ಲ ಆಕ್ಸಿರಿಂಕಸ್ ಪಪೈರಸ್ಸಿನ ಪ್ರಸ್ತಾಪ ಬಂದೇ ಬರುತ್ತದೆ. ಈಜಿಪ್ಟಿನ ಆ ಊರಿನ ಕಸದ ದಿಬ್ಬಗಳಲ್ಲಿ ದೊರೆತ, ಕ್ರಿ.ಶ. ಸುಮಾರು ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ರಾಜನೂ ಅವನ ಪರಿವಾರದವರೂ ಗ್ರೀಕ್ ಅಲ್ಲದ ಮಾತುಗಳನ್ನು ಆಡುತ್ತಾರೆ. ಗ್ರೆನ್‌ಫೆಲ್ ಮತ್ತು ಹಂಟ್ ಅದನ್ನು ೧೯೦೩ರಲ್ಲಿ ಪ್ರಕಟಿಸಿದರು. ಮರುವರ್ಷವೇ ಹುಲ್ಟ್ಸ್ ಅವರು ಆ ಮಾತುಗಳಲ್ಲಿ ಕನ್ನಡವನ್ನು ಗುರುತಿಸಲು ಯತ್ನಿಸಿದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಮೊದಲಾದವರು ಚರ್ಚೆಯನ್ನು ಮುಂದುವರಿಸಿದರು. ಅದು ತುಳುವೆಂದು ವಾದಿಸಿದವರಿದ್ದಾರೆ. ಪ್ರೇಕ್ಷಕರನ್ನು ನಗಿಸಲು ಹೆಣೆದ ಅರ್ಥಹೀನ ಧ್ವನಿಗಳೆಂದು ತಳ್ಳಿಹಾಕಿದವರೂ ಇದ್ದಾರೆ. ಆ ವಿವಾದವನ್ನು ಇಲ್ಲಿ ಮತ್ತೆ ಕೆದಕುವ ಉದ್ದೇಶವಿಲ್ಲ.

ಸ್ನಾತಕೋತ್ತರ ತರಗತಿಯಲ್ಲಿ ಈ ಪಾಠವನ್ನು ಕೇಳಿದಾಗಲಾಗಲಿ, ಮುಂದೆ ಅದನ್ನು ಪರೀಕ್ಷೆಗೆ ಬರೆದಾಗಲಾಗಲಿ ನನಗೆ ಹೊಳೆಯದಿದ್ದ ಪ್ರಶ್ನೆಯೊಂದಿದೆ. ರಂಗದ ಮೇಲೆ ಗ್ರೀಕ್ ಮಾತನ್ನೂ 'ಭಾರತೀಯ' ಮಾತನ್ನೂ ಕೇಳಿ ನಕ್ಕ ಆ ಊರಿನ ಜನ ಮನೆಯಲ್ಲಿ ಯಾವ ಭಾಷೆಯನ್ನು ಆಡುತ್ತಿದ್ದರು? ನಾವು ಆ ಊರಿಗೆ ಹೋದದ್ದು ನಮ್ಮ ನುಡಿಯ ಕುರುಹನ್ನು ಹುಡುಕಿಕೊಂಡು. ಅವರ ನುಡಿಯನ್ನು ವಿಚಾರಿಸಲೇ ಇಲ್ಲ. ಆಡಳಿತದ ಗ್ರೀಕ್ ಭಾಷೆಯ ಕೆಳಗೆ ಬಹುಸಂಖ್ಯಾತರ ಆಡುಮಾತಾಗಿದ್ದುದು ಈಜಿಪ್ಷಿಯನ್. ಮೂರು ಸಾವಿರ ವರ್ಷಗಳ ಬರಹದ ಪರಂಪರೆಯಿದ್ದ ಆ ಭಾಷೆ ಪ್ರಹಸನ ರಚಿತವಾದ ಕಾಲಕ್ಕೆ ಬಹುಮಟ್ಟಿಗೆ ಲಿಪಿಯಿಲ್ಲದ ನುಡಿಯ ಸ್ಥಿತಿಗೆ ಇಳಿದಿತ್ತು. ಮುಂದೆ ಅದು ಕಾಪ್ಟಿಕ್ ಎಂಬ ಹೆಸರಿನಲ್ಲಿ ಮರಳಿ ಬರಹವನ್ನು ಪಡೆದು, ವಿಪುಲವಾದ ಸಾಹಿತ್ಯವನ್ನು ಸೃಷ್ಟಿಸಿ, ಅನಂತರ ಜನರ ಬಾಯಿಂದ ಮರೆಯಾಯಿತು. ಧರ್ಮ ಮತ್ತು ಭಾಷೆಗಳ ಸಂಬಂಧವನ್ನು ಕುರಿತು ನಾವು ಸಲೀಸಾಗಿ ಒಪ್ಪಿಕೊಂಡಿರುವ ಕೆಲವು ತೀರ್ಮಾನಗಳನ್ನು ಈ ಚರಿತ್ರೆ ಪ್ರಶ್ನಿಸುತ್ತದೆ ಎಂಬ ಕಾರಣದಿಂದ ಪ್ರಸ್ತುತ ಲೇಖನದಲ್ಲಿ ಅದನ್ನು ಪರಿಶೀಲಿಸಲಾಗಿದೆ.

ಮೊದಲು ಹೆಸರಿನ ಮಾತು. ಮೆಂಫಿಸ್ ನಗರದ ಪ್ತಾಹ್ ದೇವಾಲಯಕ್ಕೆ ಇದ್ದ 'ಹುತ್-ಕಾ-ಪ್ತಾಹ್' ಎಂಬ ಹೆಸರು ಗ್ರೀಕರ ಬಾಯಲ್ಲಿ 'ಐಗುಪ್ತೋಸ್' ಆಯಿತು. ಅದೇ ಅರಬ್ಬರ ಬಾಯಲ್ಲಿ 'ಕಿಬ್ತ್' ಆಗಿ, ಯುರೋಪಿಗೆ ಹೋಗಿ 'ಕಾಪ್ಟ್' ಆಯಿತು. ಹಾಗಾಗಿ ಈಜಿಪ್ಟ್, ಕಾಪ್ಟ್ ಎಂಬೆರಡೂ ಒಂದೇ ಪದದ ರೂಪಾಂತರಗಳು. ಆ ಭಾಷಿಕರು ಮಾತ್ರ ತಮ್ಮ ನಾಡನ್ನು ಕರೆದದ್ದು 'ಕೇಮೆ' ಎಂದು, ಅಂದರೆ ಕಪ್ಪುಮಣ್ಣಿನ ನಾಡು. ಅವರಿಗೆ ಜಗತ್ತು ಕೊಟ್ಟ ಹೆಸರಿನಲ್ಲಿ ಅವರದೇ ಹೆಸರಿಲ್ಲ.

ಚಿತ್ರಲಿಪಿಯೂ ಅದರಿಂದ ಹುಟ್ಟಿದ ಡೆಮೋಟಿಕ್ ಎಂಬ ಓಡುಬರಹವೂ ದೇವಾಲಯಗಳ ಆಶ್ರಯದಲ್ಲಿ ಬೆಳೆದ ವಿದ್ಯೆಗಳು. ರೋಮನ್ ಪ್ರಭುತ್ವದಲ್ಲಿ ದೇವಾಲಯಗಳ ಆರ್ಥಿಕ ಬಲ ಕುಗ್ಗಿದಂತೆ, ವ್ಯವಹಾರದ ಪತ್ರಗಳೆಲ್ಲ ಗ್ರೀಕ್‌ನಲ್ಲೇ ಇರಬೇಕಾದಂತೆ ಈ ವಿದ್ಯೆ ಅರ್ಚಕರ ಕೆಲವೇ ಮನೆತನಗಳಿಗೆ ಸೀಮಿತವಾಯಿತು. ಕಾಲ ತಿಳಿದಿರುವ ಕೊನೆಯ ಚಿತ್ರಲಿಪಿ ಶಾಸನ ದಕ್ಷಿಣದ ಫಿಲೆ ದ್ವೀಪದಲ್ಲಿದೆ, ಅದು ಕ್ರಿ.ಶ. ೩೯೪ರದು. ಅಲ್ಲಿಯದೇ ಕೊನೆಯ ಡೆಮೋಟಿಕ್ ಬರಹ ೪೫೨ರದು. ಅಷ್ಟರಲ್ಲಿ ಬೇರೆಡೆ ಹೊಸ ಬರವಣಿಗೆ ರೂಢಿಗೆ ಬಂದಿತ್ತು. ಗ್ರೀಕ್‌ನ ಇಪ್ಪತ್ತನಾಲ್ಕು ಅಕ್ಷರಗಳನ್ನು ತೆಗೆದುಕೊಂಡು, ಗ್ರೀಕ್‌ನಲ್ಲಿಲ್ಲದ 'ಶ'ದಂತಹ ಧ್ವನಿಗಳಿಗಾಗಿ ಡೆಮೋಟಿಕ್‌ನಿಂದ ಆರೇಳು ಅಕ್ಷರಗಳನ್ನು ಉಳಿಸಿಕೊಂಡದ್ದೇ ಕಾಪ್ಟಿಕ್ ಲಿಪಿ. ಅದರಿಂದ ಒಂದು ದೊಡ್ಡ ಲಾಭವಾಯಿತು. ಹಳೆಯ ಬರಹ ವ್ಯಂಜನಗಳನ್ನಷ್ಟೇ ತೋರಿಸುತ್ತಿತ್ತು. ಈಜಿಪ್ಷಿಯನ್ ಭಾಷೆಯ ಸ್ವರಗಳು ಮೊದಲ ಬಾರಿಗೆ ಕ್ರಮಬದ್ಧವಾಗಿ ಬರಹಕ್ಕೆ ಇಳಿದದ್ದು ಇಲ್ಲಿ. ಅದರೊಡನೆ ಉಪಭಾಷೆಗಳೂ ಕಾಣಿಸಿಕೊಂಡವು: ದಕ್ಷಿಣದ ಸಾಹಿದಿಕ್, ಉತ್ತರದ ಬೊಹೈರಿಕ್, ಫಯ್ಯೂಮಿನದು, ಅಖ್ಮೀಮಿನದು, ಆಕ್ಸಿರಿಂಕಸ್ ಸೀಮೆಯದು ಕೂಡ.

ಹೊಸ ಲಿಪಿಯ ಮೊದಲ ಪ್ರಯೋಗಗಳು ನಡೆದದ್ದು ಮಂತ್ರ-ಮಾಟಗಳ ಬರಹಗಳಲ್ಲಿ. ಮಂತ್ರದ ಉಚ್ಚಾರ ತಪ್ಪಬಾರದಲ್ಲ! ಕ್ರೈಸ್ತರು ಅದನ್ನು ಅನುವಾದಕ್ಕೆ ಒಗ್ಗಿಸಿದರು. ಅದು ಕ್ರೈಸ್ತರೊಬ್ಬರ ಸ್ವತ್ತಾಗಿರಲಿಲ್ಲ ಎಂಬುದೂ ಗಮನಾರ್ಹ. ಮಾನಿಯ ಅನುಯಾಯಿಗಳ ಕಾಪ್ಟಿಕ್ ಗ್ರಂಥಗಳು ೧೯೨೯ರಲ್ಲಿ ಬೆಳಕಿಗೆ ಬಂದವು. ೧೯೪೫ರಲ್ಲಿ ನಾಗ್ ಹಮ್ಮಾದಿಯ ಬಳಿ ಜಾಡಿಯೊಂದರಲ್ಲಿ ಸಿಕ್ಕ ಹೊತ್ತಗೆಗಳಲ್ಲಿ ಚರ್ಚು ತಿರಸ್ಕರಿಸಿದ ಪಂಥಗಳ ಕೃತಿಗಳು ಕಾಪ್ಟಿಕ್ ಅನುವಾದದಲ್ಲೇ ಉಳಿದುಕೊಂಡಿದ್ದವು. ಸ್ವತಂತ್ರ ಗದ್ಯಕ್ಕೆ ಸತ್ತ್ವ ತಂದವನು ನಾಲ್ಕನೆಯ ಶತಮಾನದ ಕೊನೆ ಮತ್ತು ಐದನೆಯ ಶತಮಾನದಲ್ಲಿ ಸೊಹಾಗ್ ಬಳಿಯ ಶ್ವೇತ ಮಠದ ಮುಖ್ಯಸ್ಥನಾಗಿದ್ದ ಶೆನೂತೆ. ಭೂಮಾಲೀಕರನ್ನೂ ತನ್ನ ಮಠದವರನ್ನೂ ಒಂದೇ ಉಗ್ರತೆಯಿಂದ ಖಂಡಿಸಿದ ಅವನ ಪ್ರವಚನಗಳಲ್ಲಿ ಗ್ರೀಕ್ ಪದಗಳು ಧಾರಾಳವಾಗಿವೆ. ಕಾಪ್ಟಿಕ್‌ನಲ್ಲಿ ಗ್ರೀಕ್‌ನ ನಾಮಪದಗಳಷ್ಟೇ ಅಲ್ಲ, 'ಆದರೆ', 'ಏಕೆಂದರೆ' ಎಂಬರ್ಥದ ಅವ್ಯಯಗಳೂ ಬೆರೆತಿವೆ. ಸಂಸ್ಕೃತದ ತತ್ಸಮಗಳನ್ನು ಕಂಡಿರುವ ನಮಗೆ ಇದು ಅಪರಿಚಿತವಲ್ಲ. ಆದರೂ ಒಂದು ವ್ಯತ್ಯಾಸವಿದೆ. ಕಾಪ್ಟಿಕ್ ಸಾಹಿತ್ಯ ಬಹುಮಟ್ಟಿಗೆ ಮಠದ ಸಾಹಿತ್ಯವಾಗಿಯೇ ಉಳಿಯಿತು. ಅದಕ್ಕೆ ಆಸ್ಥಾನ ಸಿಗಲಿಲ್ಲ, ಶಾಸ್ತ್ರದ ಬರವಣಿಗೆಯನ್ನು ಗ್ರೀಕ್ ಬಿಟ್ಟುಕೊಡಲಿಲ್ಲ. ಜನರು ಪತ್ರ, ಕರಾರು, ಉಯಿಲುಗಳಿಗೆ ಅದನ್ನು ಬಳಸಿದರು ನಿಜ. ಆಧುನಿಕ ಲಕ್ಸರಿನ ಎದುರುದಂಡೆಯ ಜೇಮೆ ಎಂಬ ಊರಿನಲ್ಲಿ ಏಳು-ಎಂಟನೆಯ ಶತಮಾನಗಳ ಅಂತಹ ದಾಖಲೆಗಳು ಹೇರಳವಾಗಿ ಸಿಕ್ಕಿವೆ. ಆದರೆ ಅದು ಎಂದೂ ಆಳುವವರ ಭಾಷೆಯಾಗಲಿಲ್ಲ.

೬೩೯ರಿಂದ ೬೪೨ರ ಅವಧಿಯಲ್ಲಿ ಅರಬ್ಬರು ಈಜಿಪ್ಟನ್ನು ಗೆದ್ದರು. ಇಲ್ಲಿಂದ ಮುಂದಿನದನ್ನು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸುವುದುಂಟು: ಇಸ್ಲಾಂ ಬಂದಿತು, ಕಾಪ್ಟಿಕ್ ಹೋಯಿತು. ಈ ವಿವರಣೆ ಸಮರ್ಪಕವಲ್ಲ. ಅದೇ ಶತಮಾನದಲ್ಲಿ ಇರಾನೂ ಅರಬ್ಬರ ವಶವಾಯಿತು. ಅಲ್ಲಿಯ ಜನರಲ್ಲಿ ಬಹುಪಾಲು ಇಸ್ಲಾಮನ್ನು ಸ್ವೀಕರಿಸಿದರು, ಅರಬ್ಬಿ ಲಿಪಿಯನ್ನೂ ಒಪ್ಪಿಕೊಂಡರು; ಆದರೆ ಫಾರಸಿಯನ್ನು ಬಿಡಲಿಲ್ಲ. ಸ್ಥಳೀಯ ರಾಜಮನೆತನಗಳು ಅದಕ್ಕೆ ಆಸ್ಥಾನ ಒದಗಿಸಿದವು. ಫಿರ್ದೌಸಿ ೧೦೧೦ರಲ್ಲಿ 'ಶಾಹ್‌ನಾಮಾ' ಮುಗಿಸಿದನು. ಈಜಿಪ್ಟಿನಲ್ಲಿ ನಡೆದದ್ದು ಇದಕ್ಕೆ ವಿಲೋಮ. ಅಲ್ಲಿ ಕ್ರೈಸ್ತರಾಗಿಯೇ ಉಳಿದವರು, ಶತಮಾನಗಳ ಕಾಲ ಅದಕ್ಕಾಗಿ ತಲೆಗಂದಾಯ ಕೊಟ್ಟವರು, ಧರ್ಮವನ್ನು ಬಿಡದೆ ಭಾಷೆಯನ್ನು ಬಿಟ್ಟರು. ಮತಾಂತರವೊಂದೇ ಕಾರಣವಾಗಿದ್ದರೆ ಮತಾಂತರಗೊಳ್ಳದವರ ಮನೆಯಲ್ಲಾದರೂ ಕಾಪ್ಟಿಕ್ ಉಳಿಯಬೇಕಿತ್ತು.

ಕಾರಣವನ್ನು ಕಚೇರಿಯಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ. ಗೆದ್ದ ಮೇಲೂ ಸುಮಾರು ಅರವತ್ತು ವರ್ಷ ಲೆಕ್ಕಪತ್ರ ಹಳೆಯ ಕ್ರಮದಲ್ಲೇ ನಡೆಯಿತು. ಸುಮಾರು ೭೦೬ರಲ್ಲಿ ಕಂದಾಯದ ದಿವಾನಕ್ಕೆ ಅರಬ್ಬಿ ಅಧಿಕೃತ ಭಾಷೆಯಾಯಿತು. ಕಚೇರಿಯ ಕರಣಿಕರಲ್ಲಿ ಕಾಪ್ಟರು ಬಹಳ ಮಂದಿ. ಅವರ ಕಸುಬು ಉಳಿಯಬೇಕಾದರೆ ಮಕ್ಕಳು ಅರಬ್ಬಿ ಕಲಿಯಬೇಕು. ಹಾಗಾಗಿ ಭಾಷೆಯನ್ನು ಮೊದಲು ಬಿಟ್ಟವರು ಓದು ಬಾರದವರಲ್ಲ, ಓದಿದವರು, ಹಳ್ಳಿಯವರಲ್ಲ, ಪೇಟೆಯವರು. ಬಷ್ಮೂರ್ ಸೀಮೆಯ ರೈತರು ಕಂದಾಯದ ಹೊರೆ ತಾಳದೆ ಎದ್ದ ದಂಗೆಯನ್ನು ಖಲೀಫ ಅಲ್-ಮಾಮೂನ್ ೮೩೧-೩೨ರ ಹೊತ್ತಿಗೆ ಅಡಗಿಸಿದ ಮೇಲೆ ಗ್ರಾಮಾಂತರದ ಪ್ರತಿರೋಧವೂ ಸಡಿಲಿತು. ಹತ್ತನೆಯ ಶತಮಾನದಲ್ಲಿ ಅಷ್ಮೂನೈನಿನ ಬಿಷಪ್ ಸವೀರುಸ್ ಇಬ್ನ್ ಅಲ್-ಮುಕಫ್ಫ ತನ್ನ ಧರ್ಮಶಾಸ್ತ್ರದ ಕೃತಿಗಳನ್ನು ಅರಬ್ಬಿಯಲ್ಲೇ ಬರೆದನು. ತನ್ನ ಜನರಿಗೆ ಕಾಪ್ಟಿಕ್ ತಿಳಿಯದಾಗಿದೆ ಎಂಬುದೇ ಅವನು ಕೊಡುವ ಸಮಜಾಯಿಷಿ. ೧೧೩೧ರಿಂದ ೧೧೪೫ರವರೆಗೆ ಧರ್ಮಾಧ್ಯಕ್ಷನಾಗಿದ್ದ ಎರಡನೆಯ ಗೇಬ್ರಿಯಲ್ ಮುಖ್ಯ ಪ್ರಾರ್ಥನೆಗಳನ್ನು ಜನರಿಗೆ ತಿಳಿಯುವ ಅರಬ್ಬಿಯಲ್ಲಿ ಕಲಿಸಲು ಅಪ್ಪಣೆ ಮಾಡಿದನು. ಅದನ್ನು ದ್ರೋಹವೆನ್ನುವುದು ಸುಲಭ. ಅರ್ಥವಾಗದ ಮಂತ್ರವನ್ನು ಉರುಹೊಡೆಯುವುದಕ್ಕಿಂತ ಅರ್ಥವಾಗುವ ಪ್ರಾರ್ಥನೆ ಮೇಲು ಎಂಬ ಅವನ ನಿಲುವು, ಸಾವಿರ ವರ್ಷಗಳ ಹಿಂದೆ ಗ್ರೀಕ್‌ನಿಂದ ಕಾಪ್ಟಿಕ್‌ಗೆ ಧರ್ಮಗ್ರಂಥವನ್ನು ತಂದವರ ನಿಲುವೇ ಆಗಿತ್ತು.

ಈ ನಷ್ಟವನ್ನು ಕಂಡು ಮರುಗಿದವರು ಇರಲಿಲ್ಲವೆಂದಲ್ಲ. ಏಳನೆಯ ಶತಮಾನದ ಕಲಮೂನ್ ಮಠದ ಸಮುವೇಲನ ಹೆಸರಿನಲ್ಲಿರುವ ಭವಿಷ್ಯವಾಣಿಯೊಂದಿದೆ. ಅದು ಅವನದಲ್ಲ, ಅನಂತರದ ಕಾಲದ್ದೆಂಬುದು ವಿದ್ವಾಂಸರ ಅಭಿಪ್ರಾಯ. ಜನರು ತಮ್ಮ ಸೊಗಸಾದ ನುಡಿಯನ್ನು ಬಿಟ್ಟು ಅರಬ್ಬಿಯಲ್ಲಿ ಮಾತನಾಡಿ ಬೀಗುತ್ತಾರೆ, ಗರ್ಭಗುಡಿಯ ಒಳಗೂ ಅದನ್ನೇ ಆಡುತ್ತಾರೆ, ಎಳೆಯ ಮಕ್ಕಳಿಗೆ ಅದನ್ನೇ ಕಲಿಸುತ್ತಾರೆ ಎಂದು ಅದು ಕಟುವಾಗಿ ಹಳಿಯುತ್ತದೆ. ಆದರೆ ಆ ಕೃತಿ ಇಂದು ಉಳಿದಿರುವುದು ಅರಬ್ಬಿಯಲ್ಲಿ ಮಾತ್ರ. ಹದಿನಾಲ್ಕನೆಯ ಶತಮಾನದ 'ತ್ರಿಯಾದೋನ್' ಎಂಬ ಕಾಪ್ಟಿಕ್ ಕಾವ್ಯದ ಕವಿ ಆ ಭಾಷೆಯ ಮೇಲಿನ ಅಭಿಮಾನದಿಂದಲೇ ಬರೆದವನು. ಅವನ ಕಾವ್ಯಕ್ಕೂ ಪಕ್ಕದಲ್ಲಿ ಅರಬ್ಬಿ ಅನುವಾದ ಬೇಕಾಯಿತು.

ಹದಿಮೂರನೆಯ ಶತಮಾನದಲ್ಲಿ ಕಾಪ್ಟಿಕ್ ವಿದ್ವಾಂಸರು ವ್ಯಾಕರಣಗಳನ್ನೂ 'ಸುಲ್ಲಮ್', ಅಂದರೆ ಏಣಿ, ಎಂಬ ಹೆಸರಿನ ಪದಕೋಶಗಳನ್ನೂ ರಚಿಸಿದರು. ಅದೇ ಶತಮಾನದಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ' ರಚಿತವಾದುದು ಕೇವಲ ಕಾಕತಾಳೀಯವಾದರೂ ಹೋಲಿಕೆ ಉಪಯುಕ್ತ. ಇಬ್ಬರಿಗೂ ಮಾದರಿ ಪರಭಾಷೆಯ ವ್ಯಾಕರಣವೇ: ಇಲ್ಲಿ ಸಂಸ್ಕೃತ, ಅಲ್ಲಿ ಅರಬ್ಬಿ. ಕೇಶಿರಾಜನು ಕನ್ನಡದ ಲಕ್ಷಣವನ್ನು ಕನ್ನಡದಲ್ಲೇ, ಕಂದಪದ್ಯಗಳಲ್ಲಿ ಹೇಳಿದನು. ಕಾಪ್ಟಿಕ್ ವೈಯಾಕರಣರು ತಮ್ಮ ಭಾಷೆಯ ಲಕ್ಷಣವನ್ನು ಅರಬ್ಬಿಯಲ್ಲಿ ವಿವರಿಸಿದರು. ಒಂದು ಭಾಷೆಯ ವ್ಯಾಕರಣ ಹುಟ್ಟುವುದು ಅದರ ಪ್ರೌಢತೆಯ ಲಕ್ಷಣವೆಂದು ನಾವು ಬೋಧಿಸುತ್ತೇವೆ. ಆ ವ್ಯಾಕರಣ ಯಾವ ಭಾಷೆಯಲ್ಲಿ ಬರೆಯಲ್ಪಟ್ಟಿದೆ ಎಂಬುದನ್ನೂ ಕೇಳಬೇಕು.

ಹಾಗೆಂದು ಮಾತು ಒಮ್ಮೆಗೇ ನಿಂತುಹೋಗಲಿಲ್ಲ. ಹದಿನೈದನೆಯ ಶತಮಾನದ ಚರಿತ್ರಕಾರ ಅಲ್-ಮಕ್ರೀಜಿ, ಅಸ್ಯೂತ್ ಕಡೆಯ ಕ್ರೈಸ್ತ ಹೆಂಗಸರು ಮಕ್ಕಳು ಸಾಹಿದಿಕ್ ಬಿಟ್ಟು ಬೇರೆ ಮಾತನ್ನು ಆಡುವುದೇ ಅಪರೂಪವೆಂದು ದಾಖಲಿಸಿದ್ದಾನೆ. ಹದಿನೇಳನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಈಜಿಪ್ಟಿನಲ್ಲಿ ಸಂಚರಿಸಿದ ವಾನ್‌ಸ್ಲೆಬ್ ಎಂಬ ಜರ್ಮನ್ ವಿದ್ವಾಂಸನು ಆ ಸೀಮೆಯಲ್ಲಿ ಕಾಪ್ಟಿಕ್ ಬಲ್ಲ ಒಬ್ಬನೇ ವ್ಯಕ್ತಿಯೆನಿಸಿದ ಅತನಾಸಿಯುಸ್ ಎಂಬ ಉಪಾಧ್ಯಾಯನನ್ನು ಕಂಡನು. ವಯಸ್ಸು ಎಂಬತ್ತರ ಸುಮಾರು, ಕಿವಿ ಕೇಳದು. ಹೆಚ್ಚಿನ ಪ್ರಯೋಜನವಾಗಲಿಲ್ಲವೆಂದು ವಾನ್‌ಸ್ಲೆಬ್ ಬರೆದುಕೊಂಡಿದ್ದಾನೆ. ಮಾತನಾಡಬಲ್ಲವನಿದ್ದರೂ ಅವನೊಡನೆ ಮಾತನಾಡುವವರಿರಲಿಲ್ಲ.

ಆ ಹೊತ್ತಿಗೆ ಕಾಪ್ಟಿಕ್ ಯುರೋಪಿನ ಗ್ರಂಥಾಲಯಗಳನ್ನು ಸೇರಿತ್ತು. ಈ ಕಥೆಯಲ್ಲಿ ಕರ್ನಾಟಕಕ್ಕೆ ಪರಿಚಿತನಾದ ಒಬ್ಬನಿದ್ದಾನೆ: ಪಿಯೆತ್ರೊ ದೆಲ್ಲಾ ವಲ್ಲೆ. ೧೬೨೩ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ವರ್ಣಿಸಿದ, ದಾರಿಯಲ್ಲಿ ದೇವಾಲಯದ ಜಗಲಿಯ ಮೇಲೆ ಹುಡುಗರು ಮರಳಿನಲ್ಲಿ ಬೆರಳಾಡಿಸುತ್ತ ರಾಗವಾಗಿ ಲೆಕ್ಕ ಕಲಿಯುವುದನ್ನು ಬಣ್ಣಿಸಿದ ಪ್ರವಾಸಿ ಇವನೇ. ಭಾರತಕ್ಕೆ ಬರುವ ಮುನ್ನ ಅವನು ಈಜಿಪ್ಟಿನಲ್ಲಿ ಕಾಪ್ಟಿಕ್ ವ್ಯಾಕರಣ-ಪದಕೋಶಗಳ ಹಸ್ತಪ್ರತಿಗಳನ್ನು ಸಂಪಾದಿಸಿದ್ದನು. ಅವುಗಳ ಆಧಾರದಿಂದ ಕಿರ್ಖೆರ್ ೧೬೪೩ರ ಸುಮಾರಿಗೆ ರೋಮಿನಲ್ಲಿ ಪ್ರಕಟಿಸಿದ ಗ್ರಂಥ ಯುರೋಪಿನಲ್ಲಿ ಕಾಪ್ಟಿಕ್ ಅಧ್ಯಯನಕ್ಕೆ ತಳಹದಿಯಾಯಿತು. ಶಾಂಪೋಲಿಯೋನ್ ೧೮೨೨ರಲ್ಲಿ ಚಿತ್ರಲಿಪಿಯನ್ನು ಬಿಡಿಸಿದ್ದು ರೊಸೆಟ್ಟಾ ಶಿಲೆಯ ಬಲದಿಂದಲೆಂದು ಎಲ್ಲರೂ ಬಲ್ಲರು. ಅವನ ಕಾಪ್ಟಿಕ್ ಪಾಂಡಿತ್ಯವನ್ನು ನೆನೆಯುವವರು ಕಡಿಮೆ. ಸೂರ್ಯನ ಚಿತ್ರವನ್ನು ಕಂಡಾಗ ಕಾಪ್ಟಿಕ್‌ನಲ್ಲಿ ಸೂರ್ಯನಿಗಿರುವ 'ರೇ' ಎಂಬ ಪದ ನೆನಪಿಗೆ ಬಂದುದರಿಂದಲೇ ಅವನು 'ರಾಮ್ಸೆಸ್' ಎಂಬ ಹೆಸರನ್ನು ಓದಬಲ್ಲವನಾದನು. ಏಣಿಯೆಂಬ ಹೆಸರಿನ ಆ ಪದಕೋಶಗಳನ್ನು ಅವುಗಳ ಕರ್ತೃಗಳು ಕಟ್ಟಿದ್ದು ತಮ್ಮ ಮಕ್ಕಳು ಹತ್ತಲೆಂದು, ಹತ್ತಿದವರು ಬೇರೆಯವರು.

ಇಂದು ಕಾಪ್ಟಿಕ್ ಚರ್ಚಿನ ಪೂಜಾವಿಧಿಯಲ್ಲಿ ಬೊಹೈರಿಕ್ ರೂಪ ಅರಬ್ಬಿಯೊಡನೆ ಕೇಳಿಬರುತ್ತದೆ. ಅದರ ಉಚ್ಚಾರವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆಧುನಿಕ ಗ್ರೀಕ್ ಮಾದರಿಯಲ್ಲಿ ತಿದ್ದಲಾಯಿತು. ಹಳೆಯ ಉಚ್ಚಾರವೇ ಸರಿಯೆಂಬ ವಾದ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದಿತು. ಧರ್ಮ ಭಾಷೆಯನ್ನು ಉಳಿಸಿತು ಎನ್ನುವಾಗ ಉಳಿದದ್ದು ಏನೆಂಬುದನ್ನು ಇಲ್ಲಿ ನೋಡಬಹುದು. ಚರ್ಚು ಕಾಪಾಡಿದ್ದು ಪಠ್ಯವನ್ನು. ಜಗಳ, ಲಾಲಿ, ಚೌಕಾಸಿಗಳ ಭಾಷೆಯನ್ನು ಕಾಪಾಡುವುದು ಅದರ ಕೈಯಲ್ಲಿರಲಿಲ್ಲ. ಚರ್ಚಿನ ಹೊರಗೆ, ಯಾರೂ ಕಾಪಾಡಲು ಹೋಗದ ಕಡೆಯೂ ಆ ನುಡಿಯ ತುಣುಕುಗಳಿವೆ. ನಮ್ಮ ರೈತರು ಮಳೆ ನಕ್ಷತ್ರಗಳಿಂದ ಕಾಲವನ್ನು ಎಣಿಸುವಂತೆ ಈಜಿಪ್ಟಿನ ರೈತ, ಮುಸ್ಲಿಮನಾಗಲಿ ಕ್ರೈಸ್ತನಾಗಲಿ, ತೂತ್, ಹಾತೂರ್, ಕಿಯಾಕ್, ತೂಬಾ, ಅಮ್ಶೀರ್ ಎಂಬ ತಿಂಗಳುಗಳಿಂದ ಬಿತ್ತನೆ-ಕೊಯ್ಲುಗಳನ್ನು ಲೆಕ್ಕ ಹಾಕುತ್ತ ಬಂದಿದ್ದಾನೆ. ಅವುಗಳ ಸುತ್ತ ಗಾದೆಗಳೂ ಇವೆ. ಥೋತ್, ಹಾಥೋರ್ ಎಂಬ ಹಳೆಯ ದೇವತೆಗಳು ಅಲ್ಲಿ ತಿಂಗಳ ಹೆಸರಾಗಿ ಕುಳಿತಿದ್ದಾರೆ. ದಮನ್‌ಹೂರ್ ಎಂಬ ಪಟ್ಟಣದ ಹೆಸರಿನಲ್ಲಿ 'ಹೋರಸ್‌ನ ಊರು' ಎಂಬ ಅರ್ಥವಿದೆ. ಮೊಸಳೆಗೆ ಅರಬ್ಬಿಯಲ್ಲಿರುವ 'ತಿಮ್ಸಾಹ್' ಎಂಬ ಪದವೂ ನೈಲ್ ನದಿಯದೇ.

ಇನ್ನು ಆಕ್ಸಿರಿಂಕಸ್. ಅಲ್ಲಿ ಸಿಕ್ಕ ಸಾವಿರಾರು ಪಪೈರಸ್ಸುಗಳಲ್ಲಿ ಬಹುಪಾಲು ಗ್ರೀಕ್, ಪ್ರಹಸನವೂ ಅವುಗಳಲ್ಲೊಂದು. ಆದರೆ ೧೯೮೪ರಲ್ಲಿ ಅಲ್-ಮುದಿಲ್ ಎಂಬಲ್ಲಿ, ಬಡವರ ಸ್ಮಶಾನವೊಂದರ ಆಳವಿಲ್ಲದ ಗುಣಿಯಲ್ಲಿ, ಚಿಕ್ಕ ಹುಡುಗಿಯೊಬ್ಬಳ ತಲೆಯ ಕೆಳಗೆ ತೆರೆದಿಟ್ಟ ಪುಸ್ತಕವೊಂದು ದೊರೆಯಿತು. ಕೀರ್ತನೆಗಳ ಆ ಹೊತ್ತಗೆ ಸುಮಾರು ನಾಲ್ಕು-ಐದನೆಯ ಶತಮಾನದ್ದು. ಈಗ ಕೈರೋದ ಕಾಪ್ಟಿಕ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಭಾಷೆ ಕಾಪ್ಟಿಕ್‌ನ ಆಕ್ಸಿರಿಂಕಸ್ ಉಪಭಾಷೆ, ಆ ಸೀಮೆಯ ಜನ ಮನೆಯಲ್ಲಿ ಆಡುತ್ತಿದ್ದ ನುಡಿ.