ಮೂರೂವರೆ ನಿಮಿಷದಿಂದ ಬೆಳಗಿನ ಜಾವದವರೆಗೆ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಅರ್ಧ ದಾರಿ ಕಳೆದ ಮೇಲೆ ಇಂದಾಪುರ ಸಿಗುತ್ತದೆ. ಅದಕ್ಕೂ ಮುಂಚೆ ಭಿಗವಣ. ಅಲ್ಲಿಂದ ಎಡಗಡೆಗೆ ಉಜನಿ ಅಣೆಕಟ್ಟಿನ ಹಿನ್ನೀರು ಹರಡಿಕೊಂಡಿದೆ. ಭೀಮಾ ನದಿಯ ನೀರು ಅದು. ಪಂಢರಪುರ ದಾಟಿ ನಮ್ಮ ನಾಡಿಗೆ ಬರುವುದೂ ಅದೇ ಹೊಳೆ. ಒಮ್ಮೆ ಆ ದಾರಿಯ ರಾತ್ರಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಭೀಮಸೇನ ಜೋಶಿಯವರ ಒಂದು ಹಳೆಯ ಕಛೇರಿ ಕೇಳುತ್ತಿದ್ದೆ. ಯಾರದೋ ಮನೆಯ ಕ್ಯಾಸೆಟ್ಟಿನಿಂದ ಇಳಿಸಿದ ಧ್ವನಿಮುದ್ರಣ, ರಾಗ ದರ್ಬಾರಿ ಕಾನಡಾ. ಭಿಗವಣದಲ್ಲಿ ಶುರುವಾದ ವಿಲಂಬಿತ ಖ್ಯಾಲ್ ಇಂದಾಪುರದ ನಿಲ್ದಾಣ ಬಂದರೂ ಮುಗಿದಿರಲಿಲ್ಲ. ಮೇಲಿನ ಷಡ್ಜಕ್ಕೆ ಅವರು ಇನ್ನೂ ಹೋಗಿರಲೇ ಇಲ್ಲ. ಜನ ಇಳಿದರು, ಹತ್ತಿದರು, ಬಸ್ಸು ಹೊರಟಿತು. ಅವರು ನಿಧಾನವಾಗಿ ಗಾಂಧಾರವನ್ನೇ ತೂಗುತ್ತಿದ್ದರು.

ಆ ಹೊತ್ತಿನಲ್ಲಿ ನನ್ನನ್ನು ಹಿಡಿದ ಪ್ರಶ್ನೆಯೇ ಈ ಅಧ್ಯಾಯದ ವಿಷಯ. ಒಬ್ಬ ಗವಾಯಿಯ ಹಾಡು ನಮಗೆ ಉಳಿದು ಬಂದಿರುವುದು ಮೂರು ದಾರಿಗಳಲ್ಲಿ: ಕಂಪನಿಯ ಪ್ಲೇಟು, ಆಕಾಶವಾಣಿಯ ಟೇಪು, ಕಛೇರಿಯಲ್ಲಿ ಕೇಳುಗರು ಹಿಡಿದಿಟ್ಟ ಟೇಪು. ಹಾಡಿದವರು ಒಬ್ಬರೇ ಆದರೂ ಮೂರರಲ್ಲಿ ಕೇಳುವ ಸಂಗೀತ ಒಂದೇ ಆಗಿರುವುದಿಲ್ಲ. ಯಾಕೆ?

ಮೊದಲು ಪ್ಲೇಟು. 78 ಸುತ್ತಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸಾಮಾನ್ಯವಾಗಿ ಮೂರೂವರೆ ನಿಮಿಷದಷ್ಟು. ಗಂಟೆಗಟ್ಟಲೆ ಹಾಡುವವರು ಇಡೀ ರಾಗವನ್ನು ಅಷ್ಟರಲ್ಲಿ ಹಿಂಡಿ ಕೊಡಬೇಕಿತ್ತು. ಆ ಹಿಂಡಿದ ರಸ ಸಾಮಾನ್ಯದ್ದೆಂದು ಯಾರೂ ತಿಳಿಯಬಾರದು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟನ್ನು ಅಂಗಡಿಯ ಮುಂದೆ ನಿಂತು ಕೇಳಿದ ಗದಗಿನ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಉತ್ತರದ ಊರೂರು ಅಲೆದು, ಕೊನೆಗೆ ಅವನಿಗೆ ಗುರು ಸಿಕ್ಕಿದ್ದು ತನ್ನ ಸೀಮೆಯಲ್ಲೇ: ಕುಂದಗೋಳದ ರಾಮಭಾವು, ಜನರ ಬಾಯಲ್ಲಿ ಸವಾಯಿ ಗಂಧರ್ವ, ಅದೇ ಕರೀಂ ಖಾನರ ಶಿಷ್ಯ. ಮೂರು ನಿಮಿಷದ ಪ್ಲೇಟು ಒಬ್ಬ ಭೀಮಸೇನನನ್ನು ಹೊರಡಿಸಿತು. ಆದರೆ ಆ ಭೀಮಸೇನ ಬೆಳೆದು ಹಾಡಿದ್ದನ್ನು ಮೂರು ನಿಮಿಷದಲ್ಲಿ ಹಿಡಿದಿಡುವುದು ಆಗದ ಮಾತು.

ಅಲ್ಲಿಗೆ ರೇಡಿಯೋ ಬಂತು. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ, ಪುಣೆಯದು 1953ರ ಅಕ್ಟೋಬರ್ 2ರಂದು ಶುರುವಾದವು. ನಡುವೆ 1952ರ ಜುಲೈಯಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ: ಶನಿವಾರ ರಾತ್ರಿ 9.30ಕ್ಕೆ ದೇಶವೆಲ್ಲ ಒಬ್ಬರೇ ಕಲಾವಿದರನ್ನು ಕೇಳುವ ಏರ್ಪಾಡು. 1954ರಿಂದ ಆಹ್ವಾನಿತ ಶ್ರೋತೃಗಳ ಎದುರಿಗೆ ನಡೆಯುವ ರೇಡಿಯೋ ಸಂಗೀತ ಸಮ್ಮೇಳನ. ಮೂರು ನಿಮಿಷ ಈಗ ಅರ್ಧ ಗಂಟೆ, ಒಂದು ಗಂಟೆಯಾಗಿ ಹಿಗ್ಗಿತು. ಬೆಳಗಿನ ಪ್ರಸಾರಕ್ಕೆ ಬೆಳಗಿನ ರಾಗ, ರಾತ್ರಿಗೆ ರಾತ್ರಿಯದು. ಅಂಗಡಿಯಲ್ಲಿ ಮಾರಾಟವಾಗುತ್ತದೋ ಇಲ್ಲವೋ ಎಂಬ ಅಂಜಿಕೆ ಇಲ್ಲದ ಕಾರಣ ಅಪರೂಪದ ರಾಗಗಳಿಗೂ ಜಾಗ ಸಿಕ್ಕಿತು. ಜೈಪುರ ಅತ್ರೌಲಿ ಘರಾಣೆಯ ಅಪ್ರಚಲಿತ ರಾಗಗಳ ಭಂಡಾರದಂತಿದ್ದ ಮಲ್ಲಿಕಾರ್ಜುನ ಮನಸೂರರು ಧಾರವಾಡ ಕೇಂದ್ರಕ್ಕೆ ಸಂಗೀತ ಸಲಹೆಗಾರರೂ ಆಗಿದ್ದರು. ಅಂಥವರ ಹಾಡಿಕೆ ಕೇಳುವಾಗ ರೇಡಿಯೋದ ಬೆಲೆ ತಿಳಿಯುತ್ತದೆ.

ಇಂದಾಪುರದಂಥ ಊರಿನಲ್ಲಿ ಇದು ಹೇಗೆ ಕೇಳುತ್ತಿತ್ತು ಎನ್ನುವುದಕ್ಕೂ ಒಂದು ವಿಜ್ಞಾನವಿದೆ. ನಕಾಶೆ ತೆಗೆದು ನೋಡಿ: ಇಂದಾಪುರ ಧಾರವಾಡದ ನೆಟ್ಟಗೆ ಉತ್ತರಕ್ಕಿದೆ, ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ಮೀಡಿಯಂ ವೇವ್ ಅಲೆಗಳು ಹಗಲಿನಲ್ಲಿ ನೆಲ ಹಿಡಿದುಕೊಂಡು ಸಾಗುತ್ತವೆ, ದೂರ ಹೋದಂತೆ ಸೋಲುತ್ತವೆ. ಮೇಲಕ್ಕೆ ಹೋದವನ್ನು ಅಯಾನುಗೋಳದ ಕೆಳಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಕೆಳಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಬಂದು ಇಳಿಯುತ್ತವೆ. ಧಾರವಾಡ 765 ಕಿಲೋಹರ್ಟ್ಸ್, ಪುಣೆ 792. ಡಯಲಿನ ಮೇಲೆ ಎರಡೂ ಅಕ್ಕಪಕ್ಕದ ಮನೆ, ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು. ದೂರದ ಕೇಂದ್ರದ ದನಿ ರಾತ್ರಿಯಲ್ಲಿ ಏಳುತ್ತ ಬೀಳುತ್ತ ಬರುವುದು ಅಲೆ ಹೀಗೆ ಮೇಲಿನ ಪದರಕ್ಕೆ ತಾಗಿ ಇಳಿಯುವುದರಿಂದ. ಭಾಷೆಯ ಗಡಿಗಳನ್ನು ನೆಲದ ಮೇಲೆ ಎಳೆದಿದ್ದಾರೆ. ರಾತ್ರಿಯ ಅಲೆ ಅವುಗಳ ಮೇಲಿನಿಂದ ಹೋಗುತ್ತದೆ.

ಪ್ಲೇಟು ಒಂದು ಬಗೆ, ರೇಡಿಯೋ ಇನ್ನೊಂದು ಬಗೆ ಎಂಬ ಇಂಥದ್ದೇ ಕಥೆ ರಾಕ್ ಸಂಗೀತದಲ್ಲೂ ಇದೆ. ಬ್ರಿಟನ್ನಿನ ಬಿಬಿಸಿ ರೇಡಿಯೋ ದಿನಕ್ಕೆ ಇಷ್ಟೇ ಹೊತ್ತು ಪ್ಲೇಟು ಹಾಕಬೇಕು ಎಂಬ ಒಪ್ಪಂದಕ್ಕೆ ಕಟ್ಟುಬಿದ್ದಿತ್ತು. ಮಿಕ್ಕ ಹೊತ್ತು ತುಂಬಿಸಲು ವಾದ್ಯತಂಡಗಳನ್ನೇ ಸ್ಟುಡಿಯೋಗೆ ಕರೆಸಿ ನುಡಿಸಬೇಕಾಯಿತು. ಬೀಟಲ್ಸ್, ಲೆಡ್ ಜೆಪ್ಪೆಲಿನ್ ತಂಡಗಳೂ ಹೀಗೆ ಬಂದು ನುಡಿಸಿದವು. ಜಾನ್ ಪೀಲ್ ಎಂಬ ನಿರೂಪಕರು 1967ರಿಂದ 2004ರವರೆಗೆ ತಮ್ಮ ಕಾರ್ಯಕ್ರಮಕ್ಕೆ ಹೊಸಬರನ್ನು ಹೀಗೆ ಕರೆದು ಕರೆದು ಒಂದು ಭಂಡಾರವನ್ನೇ ಕೂಡಿಸಿದರು. ಆಲ್ಬಮ್ಮಿಗಾಗಿ ತಿಂಗಳುಗಟ್ಟಲೆ ತಿದ್ದಿದ ಹಾಡನ್ನು ಇಲ್ಲಿ ಒಂದೇ ದಿನದಲ್ಲಿ ಮುಗಿಸಬೇಕು. ಹಾಗಾಗಿ ಹಾಡು ಹಸಿಯಾಗಿ, ಬಿಸಿಯಾಗಿ ಬರುತ್ತದೆ. ಎಷ್ಟೋ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿತ್ತು. ಕೆಲವು ಸಿಕ್ಕಿದ್ದು ಮನೆಯಲ್ಲಿ ರೇಡಿಯೋ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ ಕೇಳುಗರಿಂದ. ಬೀಟಲ್ಸ್ ತಂಡದ ರೇಡಿಯೋ ಹಾಡುಗಳ ಸಂಗ್ರಹ 1994ರಲ್ಲಿ, ಜೆಪ್ಪೆಲಿನ್ನಿನದು 1997ರಲ್ಲಿ ಹೊರಬಂದವು.

ನಮ್ಮಲ್ಲೂ ಟೇಪು ದುಬಾರಿಯಾಗಿತ್ತು. ಪ್ರಸಾರವಾದ ಮೇಲೆ ಅದೇ ಸುರುಳಿಯ ಮೇಲೆ ಇನ್ನೊಂದನ್ನು ಮುದ್ರಿಸುವುದು ರೇಡಿಯೋ ಕೇಂದ್ರಗಳಲ್ಲಿ ರೂಢಿಯ ಕೆಲಸವಾಗಿತ್ತು. ಅಲ್ಲಿ ಎಷ್ಟು ಮನಸೂರರು, ಎಷ್ಟು ಬಸವರಾಜ ರಾಜಗುರುಗಳು ಅಳಿದು ಹೋದರೋ ನೆನೆದರೆ ಹೊಟ್ಟೆ ಉರಿಯುತ್ತದೆ. ಉಳಿದವನ್ನು ಆಕಾಶವಾಣಿ ಸಿಡಿಗಳಾಗಿ ಹೊರತಂದಿತು. 2016ರ ಜನವರಿ 26ರಿಂದ ಬೆಂಗಳೂರಿನಿಂದ ರಾಗಂ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನೂ ನಡೆಸುತ್ತಿದೆ.

ಇನ್ನು ಮೂರನೆಯ ದಾರಿ, ಕಛೇರಿಯ ಟೇಪು. ನನ್ನ ಮನಸ್ಸು ಹೆಚ್ಚು ಒಲಿಯುವುದು ಇದಕ್ಕೆ.

ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷದಿಂದ ಶಿಷ್ಯರು ಅವರ ಪುಣ್ಯತಿಥಿಯ ಸಂಗೀತ ಶುರುಮಾಡಿದರು. ಅದರ ಬೆನ್ನೆಲುಬಾಗಿ ನಿಂತವರು ಭೀಮಸೇನರು. ಕುಂದಗೋಳದ ಗುರುವಿನ ಹೆಸರು ಪುಣೆಯವರ ಬಾಯಲ್ಲಿ ಬರೀ ‘ಸವಾಯಿ’ ಆಯಿತು. ಚಳಿಗಾಲದ ಮೂರು ರಾತ್ರಿ, ಬೆಳಗಾಗುವ ತನಕ, ಕಂಬಳಿ ಹೊದ್ದು ಕೂತ ಸಾವಿರಾರು ಜನ. ಕೊನೆಯ ಬೆಳಗಿನ ಹಾಡಿಕೆ ಬಹುಕಾಲ ಭೀಮಸೇನರದಾಗಿತ್ತು. ಈ ಟೇಪುಗಳಲ್ಲಿ ಗಡಿಯಾರ ಇಲ್ಲ. ಗವಾಯಿ ಒಂದು ಸ್ವರವನ್ನು ಮುಟ್ಟಿ, ಬೇಡವೆನಿಸಿ ಹಿಂದೆ ಸರಿದು, ಮತ್ತೆ ಬೇರೆ ಕಡೆಯಿಂದ ಬರುವುದು ಕೇಳುತ್ತದೆ. ತಂಬೂರಿ ನಡುವೆ ಶ್ರುತಿ ಮಾಡಿಕೊಳ್ಳುವುದು, ತಬಲಾದವರ ಕಡೆ ಒಂದು ಹೂಂಕಾರ, ಸಮಕ್ಕೆ ಬಂದಾಗ ಮುಂದಿನ ಸಾಲಿನಿಂದ ‘ವಾಹ್’, ದೂರದಲ್ಲಿ ಕೆಮ್ಮು. ಸ್ಟುಡಿಯೋದಲ್ಲಿ ಇವೆಲ್ಲ ತಪ್ಪು. ಇಲ್ಲಿ ಇವು ಸಂಗೀತದ ಕಾರಣಗಳು. ಆ ‘ವಾಹ್’ ಬಿದ್ದ ಮೇಲೆ ಮುಂದಿನ ತಾನ್ ಹೇಗೆ ಏರುತ್ತದೆ ಕೇಳಿ ನೋಡಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡವಂತೂ 1984ರಿಂದ ತನ್ನ ಕಾರ್ಯಕ್ರಮಗಳಲ್ಲಿ ಮುದ್ರಿಸಿಕೊಳ್ಳುವ ಕೇಳುಗರಿಗೆ ಬೇರೆ ಜಾಗವನ್ನೇ ಬಿಟ್ಟುಕೊಟ್ಟಿತು.

ರಾತ್ರಿ ಹತ್ತರ ನಂತರ ಧ್ವನಿವರ್ಧಕ ಕೂಡದೆಂಬ ಶಬ್ದಮಾಲಿನ್ಯದ ನಿಯಮಗಳು 2000ದಲ್ಲಿ ಬಂದವು. ಬರಬರುತ್ತ ಉತ್ಸವದ ಹೊತ್ತು ಮಧ್ಯಾಹ್ನ, ಸಂಜೆಗೆ ಸರಿಯಿತು. ನಿದ್ದೆಗೆಡುವ ನೆರೆಯವರ ನ್ಯಾಯವನ್ನು ನಾನು ಅಲ್ಲಗಳೆಯಲಾರೆ. ಆದರೆ ಇಡೀ ರಾತ್ರಿ ಎಚ್ಚರಿದ್ದ ಜನರ ಎದುರು ಬೆಳಗಿನ ತೋಡಿ ಹೇಗಿರುತ್ತಿತ್ತು ಎಂದು ಇಂದಿನ ಮಕ್ಕಳಿಗೆ ತೋರಿಸಲು ಹಳೆಯ ಟೇಪುಗಳೇ ಗತಿ.

ಇಂಥ ಟೇಪು ಕೈಗೆ ಸಿಕ್ಕಾಗ ಅದರ ವಯಸ್ಸನ್ನೂ ಊರನ್ನೂ ಹೇಗೆ ಹೇಳುವುದು? ಡಬ್ಬಿಯ ಮೇಲೆ ಹಲವು ಸಲ ರಾಗದ ಹೆಸರು ಬಿಟ್ಟರೆ ಏನೂ ಇರುವುದಿಲ್ಲ. ಒಂದು ಗುರುತು ಹಾರ್ಮೋನಿಯಂ. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, 1971ರಲ್ಲಿ ಸಾಥಿಗೆ ಮತ್ತೆ ಒಳಗೆ ಬಿಟ್ಟುಕೊಂಡಿತು. ನಡುವಿನ ವರ್ಷಗಳ ರೇಡಿಯೋ ಟೇಪಿನಲ್ಲಿ ಸಾರಂಗಿ ಕೇಳೀತು. ಹಾರ್ಮೋನಿಯಂ ಇದ್ದರೆ ಅದು ರೇಡಿಯೋದ ಹೊರಗಿನ ಕಛೇರಿ ಅಥವಾ 71ರ ಆಚೆಯದು. ಇನ್ನೊಂದು ಗುರುತು ಕಂಠ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟುಗಳಲ್ಲಿ ಎಳೆಯ, ತೆಳ್ಳನೆಯ, ಏರು ಶ್ರುತಿಯ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ್ದು ನಾವೆಲ್ಲ ಬಲ್ಲ ಆ ಗಂಭೀರ, ಗಂಡುಮೆಟ್ಟಿನ ಸ್ವರ. ಎರಡನ್ನೂ ಒಂದರ ಹಿಂದೊಂದು ಕೇಳಿದವರು ಒಬ್ಬರೇ ಹಾಡಿದ್ದೆಂದರೆ ನಂಬುವುದು ಕಷ್ಟ.

ವೇಗದ್ದು ಇನ್ನೂ ಸ್ವಾರಸ್ಯ. 1200 ಅಡಿಯ ಸ್ಪೂಲ್ ಸೆಕೆಂಡಿಗೆ ಏಳೂವರೆ ಇಂಚು ಓಡಿದರೆ 32 ನಿಮಿಷಕ್ಕೆ ಮುಗಿಯುತ್ತದೆ, ಅರ್ಧ ವೇಗದಲ್ಲಿ 64. ಯಂತ್ರ ಹಳತಾಗಿ ಶೇಕಡ 6ರಷ್ಟು ಜೋರಾಗಿ ಓಡಿದರೆ ಸಾಕು, ಶ್ರುತಿ ಅರ್ಧ ಸ್ವರ ಏರುತ್ತದೆ, ಗವಾಯಿ ಹುಡುಗನಾಗಿಬಿಡುತ್ತಾನೆ. ತಿದ್ದುವ ದಾರಿ ಟೇಪಿನೊಳಗೇ ಇರುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಆಡುತ್ತದೆ. ಮೈಕಿನ ತಂತಿಯಿಂದ ಆ ಗುಂಯ್‌ಗುಡುವ ಸದ್ದು ಟೇಪಿನೊಳಗೆ ಸೇರಿರುತ್ತದೆ. ಕಂಪ್ಯೂಟರಿನಲ್ಲಿ ಅದು 53 ಎಂದು ತೋರಿದರೆ ಟೇಪು ಶೇಕಡ 6 ಜೋರಾಗಿ ಓಡುತ್ತಿದೆ ಎಂದರ್ಥ. ಅದನ್ನು 50ಕ್ಕೆ ಇಳಿಸಿ, ಷಡ್ಜ ತಾನಾಗಿ ತನ್ನ ಮನೆಗೆ ಬರುತ್ತದೆ. ಬೇಡದ ಸದ್ದೆಂದು ಎಲ್ಲರೂ ಶಪಿಸುವ ಗುಂಯ್‌ಕಾರವೇ ಹಾಡನ್ನು ಕಾಪಾಡುತ್ತದೆ.

ಟೇಪುಗಳಿಗೆ ತೇವವೇ ಯಮ. 1970ರ ದಶಕದ ಕೆಲವು ಟೇಪುಗಳ ಅಂಟು ಗಾಳಿಯ ತೇವ ಹೀರಿ ಮೆತ್ತಗಾಗಿ, ಓಡಿಸಿದರೆ ಕಿರುಗುಟ್ಟಿ ಲೇಪವನ್ನೇ ಬಿಟ್ಟುಕೊಡುತ್ತದೆ. ಬಲ್ಲವರು ಅದನ್ನು 50 ಡಿಗ್ರಿಯ ಆಸುಪಾಸಿನ ಹದ ಕಾವಿನಲ್ಲಿ ಗಂಟೆಗಟ್ಟಲೆ ಒಣಗಿಸಿ, ಗಟ್ಟಿಯಾಗಿರುವಷ್ಟು ದಿನದೊಳಗೆ ನಕಲು ಮಾಡಿಕೊಳ್ಳುತ್ತಾರೆ. ಬೂಸ್ಟು ಹಿಡಿದ ಸುರುಳಿಯನ್ನು ಮನೆಯಲ್ಲಿ ತಿರುಗಿಸಿ ನೋಡುವ ಆತುರ ಬೇಡ. ಹಂಚುವ ವಿಷಯದಲ್ಲೂ ಎಚ್ಚರ ಬೇಕು: 1994ರ ತಿದ್ದುಪಡಿಯಿಂದ ಹಾಡುವವರಿಗೆ ತಮ್ಮ ಹಾಡಿಕೆಯ ಮೇಲೆ ಕಾನೂನಿನ ಹಕ್ಕಿದೆ, ಈಗ ಅದರ ಅವಧಿ 50 ವರ್ಷ.

ಅಳಿದುಹೋಯಿತೆಂದುಕೊಂಡದ್ದು ಮತ್ತೆ ಮೇಲೇಳುವುದೂ ಉಂಟು: ಇಂದಾಪುರ ತಾಲೂಕಿನ ಪಳಸದೇವದಲ್ಲಿ ಉಜನಿಯ ನೀರಿಗೆ ಮುಳುಗಿದ ಹಳೆಯ ಗುಡಿಯೊಂದಿದೆ. ಬೇಸಿಗೆ ಬಿರುಸಾಗಿ ನೀರು ತಗ್ಗಿದ ವರ್ಷ ಶಿಖರ ಮೇಲೇಳುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ಆಷಾಢದಲ್ಲಿ ತುಕಾರಾಮರ ಪಾಲಖಿ ಇದೇ ಇಂದಾಪುರದಲ್ಲಿ ತಂಗಿ ಪಂಢರಪುರಕ್ಕೆ ಸಾಗುತ್ತದೆ. ತುಕಾರಾಮರ ಅಭಂಗವನ್ನೂ ಪುರಂದರದಾಸರ ಪದವನ್ನೂ ಒಂದೇ ಕಂಠದಲ್ಲಿ ಈ ಹೊಳೆಯ ಎರಡೂ ದಡಕ್ಕೆ ಹಂಚಿದವರು ಭೀಮಸೇನರು. ಆ ಹಾಡುಗಳು ಸುರುಳಿಗಳಾಗಿ, ಕ್ಯಾಸೆಟ್ಟುಗಳಾಗಿ ಪುಣೆಯಿಂದ ಧಾರವಾಡದವರೆಗೆ ಎಷ್ಟೋ ಮನೆಗಳ ಅಟ್ಟದ ಮೇಲಿವೆ.

ನನ್ನ ಆ ದರ್ಬಾರಿ ಕೂಡ ಹಾಗೆ ಅಟ್ಟದಿಂದ ಇಳಿದದ್ದೇ. ಅದರಲ್ಲಿ 45 ನಿಮಿಷಕ್ಕೆ ಸರಿಯಾಗಿ ಹಾಡು ಕತ್ತರಿಸಿದಂತೆ ನಿಲ್ಲುತ್ತದೆ. ಮುದ್ರಿಸಿಕೊಳ್ಳುತ್ತಿದ್ದವರು ಕತ್ತಲಲ್ಲಿ ಕ್ಯಾಸೆಟ್ಟಿನ ಮಗ್ಗುಲು ಬದಲಿಸುತ್ತಿದ್ದಾರೆ. ‘ಖಟ್’ ಎಂದು ಗುಂಡಿ ಒತ್ತಿದ ಸದ್ದು, ಮತ್ತೆ ಹಾಡು, ಆಗಲೇ ದ್ರುತ್. ನಡುವೆ ಏನಾಯಿತೋ ಅಲ್ಲಿ ಕೂತವರಿಗಷ್ಟೇ ಗೊತ್ತು. ಇಂದಿಗೂ ಬೇರೆ ಯಾರು ದರ್ಬಾರಿ ಹಾಡಿದರೂ, ವಿಲಂಬಿತ ತುಂಬಿ ಬರುವ ಹೊತ್ತಿಗೆ ನನ್ನ ಕಿವಿ ಆ ‘ಖಟ್’ಗಾಗಿ ಕಾಯುತ್ತದೆ.